ಎಲ್ಲ ವಿಭಾಗಗಳೂ ಬೆಣ್ಣೆಹಳ್ಳದ ದಂಡೆಗೆ ಬರಲಿ: ಧಾರವಾಡದ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕುಲಪತಿಗಳು, ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ
ಕುಲಪತಿಗಳು, ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಧಾರವಾಡ
ಕುಲಪತಿಗಳು, ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಹುಬ್ಬಳ್ಳಿ
ನಿರ್ದೇಶಕರು, ಐಐಟಿ ಧಾರವಾಡ

ಮಾನ್ಯರೇ,

ನಿಮ್ಮ ನಾಲ್ಕೂ ಸಂಸ್ಥೆಗಳು ಒಂದೇ ಜಿಲ್ಲೆಯಲ್ಲಿವೆ. ಬೆಳಿಗ್ಗೆ ಒಂದು ಕ್ಯಾಂಪಸ್ಸಿನಲ್ಲಿ ಚಹಾ ಕುಡಿದು ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಉಳಿದ ಮೂರನ್ನೂ ನೋಡಿ ಮುಗಿಸಬಹುದು. ಇವುಗಳ ಜತೆಗೆ ನೀರು ಮತ್ತು ನೆಲದ ಬಗ್ಗೆ ತರಬೇತಿ ಕೊಡುವ ವಾಲ್ಮಿ ಇದೆ. ಮನೋರೋಗಕ್ಕೆ ಡಿಮ್ಹಾನ್ಸ್ ಇದೆ. ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರು ಬಿಟ್ಟರೆ ಇಷ್ಟು ಬಗೆಯ ವಿದ್ಯೆ ಇಷ್ಟು ಹತ್ತಿರ ಹತ್ತಿರ ಇರುವ ಊರು ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ.

ನಾನು ಪದವಿ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ನಮ್ಮ ಮನೆತನದ ಹೊಲ ನವಲಗುಂದ ತಾಲೂಕಿನ ಎರೆ ಭೂಮಿಯಲ್ಲಿದೆ. ನಿಮ್ಮಲ್ಲಿ ಕೇಳುವುದು ಒಂದೇ. ಹವಾಮಾನ ಬದಲಾವಣೆ ಬಗ್ಗೆ ಇನ್ನೊಂದು ವಿಚಾರ ಸಂಕಿರಣ ಮಾಡುವ ಬದಲು ನಾಲ್ಕೂ ಸಂಸ್ಥೆಗಳು ಸೇರಿ ಬೆಣ್ಣೆಹಳ್ಳದ ಬಯಲನ್ನು ಹತ್ತು ವರ್ಷದ ಮಟ್ಟಿಗೆ ನಿಮ್ಮ ಜಂಟಿ ಕೆಲಸವಾಗಿ ತೆಗೆದುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ನಕಾಶೆಯಲ್ಲಿ ನೋಡಿದರೆ ಬೆಣ್ಣೆಹಳ್ಳ ಅಷ್ಟೇನೂ ದೊಡ್ಡದಲ್ಲ. ಹುಬ್ಬಳ್ಳಿಯ ದಕ್ಷಿಣಕ್ಕೆ ಹುಟ್ಟಿ, ಉತ್ತರಕ್ಕೆ ಹರಿದು, ನವಲಗುಂದದ ಬಯಲು ದಾಟಿ ಮಲಪ್ರಭೆ ಸೇರುತ್ತದೆ. ಹುಬ್ಬಳ್ಳಿಯ ಗಟಾರದ ನೀರೂ ಇದನ್ನೇ ಸೇರುತ್ತದೆ. ಬೇಸಿಗೆಯಲ್ಲಿ ಕಂಡವರಿಗೆ ಇದು ಊರುಗಳ ಸಂಪರ್ಕವನ್ನೇ ಕಡಿದುಹಾಕುವ ಹಳ್ಳ ಅಂತ ನಂಬುವುದು ಕಷ್ಟ. ಮೇಲೆ ಜೋರು ಮಳೆಯಾಯಿತೋ, ಕೆಲವೇ ತಾಸಿನಲ್ಲಿ ದಂಡೆ ಮೀರಿ ಹೊಲಕ್ಕೆ ನುಗ್ಗುತ್ತದೆ. ‘ಹಳ್ಳ ಬಂತು’ ಅಂದರೆ ನಮ್ಮ ಕಡೆ ರಸ್ತೆ ಬಂದ್, ಸಾಲಿ ಬಂದ್, ಹೊಲದಲ್ಲಿ ನಿಂತ ಬೆಳೆಯ ಆಸೆಯೂ ಬಂದ್. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆಯನ್ನು ಈ ಭಾಗದ ಯಾರೂ ಮರೆತಿಲ್ಲ. ಹತ್ತು ವರ್ಷ ಬಿಟ್ಟು 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಪಾಡು. ಆ ಸಲ ರಾಜ್ಯದ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಎಂದು ಸರ್ಕಾರ ಹೇಳಿತು. ನಾಲ್ಕು ವರ್ಷ ಕಳೆದು 2023 ಬಂತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

ನವಲಗುಂದ ಅಂದರೆ ಹೊರಗಿನವರಿಗೆ ನೆನಪಾಗುವುದು ನೀರಿನ ಹೋರಾಟ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿದ ಊರು ಇದು. 2015ರಿಂದ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಊರೂ ಇದೇ. ಕುಡಿಯಲು, ಬೆಳೆಯಲು ನೀರು ಕೊಡಿ ಅಂತ ಬೀದಿಗಿಳಿದ ಜನರ ಹೊಲವೇ ಇನ್ನೊಂದು ವರ್ಷ ನೀರಲ್ಲಿ ಮುಳುಗುತ್ತದೆ. ಬರ ಮತ್ತು ನೆರೆ ಎರಡನ್ನೂ ಒಂದೇ ರೈತ, ಒಂದೇ ಹೊಲದಲ್ಲಿ, ಐದಾರು ವರ್ಷದೊಳಗೆ ಕಾಣುತ್ತಿದ್ದಾನೆ.

ಇದರ ಹಿಂದಿನ ಭೌತವಿಜ್ಞಾನ ನಿಮಗೆ ಗೊತ್ತಿದ್ದದ್ದೇ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಭೂಮಿ ಈಗಾಗಲೇ 1 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿದೆ. ಹಾಗಾಗಿ ಸುರಿದಾಗ ಒಮ್ಮೆಗೇ ಸುರಿಯುತ್ತದೆ. ಸುರಿಯದೆ ಇದ್ದಾಗ ಅದೇ ಬಿಸಿ ಗಾಳಿ ನೆಲದ ಪಸೆಯನ್ನು ಬೇಗ ಹೀರುತ್ತದೆ. ವರ್ಷದ ಸರಾಸರಿ ಮಳೆ ಅಷ್ಟೇ ಇದ್ದರೂ ರೈತನಿಗೆ ಅದು ಅದೇ ಮಳೆಯಲ್ಲ.

ಎರೆ ಮಣ್ಣಿಗಂತೂ ಈ ಫರಕು ಬಹಳ ತಟ್ಟುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ನೆಲ ಇದು. ಮೊದಲ ಮಳೆಗೆ ನೀರು ಗಟಗಟ ಕುಡಿಯುತ್ತದೆ. ಆಮೇಲೆ ಮಣ್ಣಿನ ಜೇಡಿ ಉಬ್ಬಿ ಬಿರುಕು ಮುಚ್ಚಿಕೊಂಡರೆ ನೀರು ಒಳಗೆ ಇಳಿಯುವುದು ತೀರಾ ನಿಧಾನ. ಹತ್ತು ದಿನದಲ್ಲಿ ಬರಬೇಕಾದ ಮಳೆ ಎರಡೇ ದಿನದಲ್ಲಿ ಬಂದರೆ ಹೊಲ ಕೆರೆಯಾಗುತ್ತದೆ, ಮೇಲ್ಮಣ್ಣು ಹಳ್ಳಕ್ಕೆ ಹೋಗುತ್ತದೆ. ಮುಂಗಾರಿಗೆ ಬಿತ್ತಿದ ಹೆಸರು ಆಗಸ್ಟ್‌ನಲ್ಲಿ ಕಟಾವಿಗೆ ಬರುತ್ತದೆ. ಆಗ ಜಡಿ ಮಳೆ ಹಿಡಿದರೆ ಕಾಳು ಕಾಯಿಯೊಳಗೇ ಮೊಳಕೆಯೊಡೆಯುತ್ತದೆ. ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತಬೇಕೆಂದರೆ ಹೊಲ ಆರುವುದಿಲ್ಲ. ಆರುವ ಹೊತ್ತಿಗೆ ಹದ ತಪ್ಪಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮಣ್ಣುವಿಜ್ಞಾನಿ, ಬೇಸಾಯ ವಿಜ್ಞಾನಿ, ಹವಾಮಾನ ತಜ್ಞ ಈ ಮೂವರ ಕೆಲಸ. ಕೃಷಿ ವಿಶ್ವವಿದ್ಯಾಲಯ ಒಂದೇ ಸಾಕಲ್ಲ ಅನ್ನಿಸಬಹುದು. ಒಂದು ಹೊಲದಿಂದ ಆಚೆ ಕಾಲಿಟ್ಟು ನೋಡಿ.

ಹಳ್ಳದ ಹೂಳು ತೆಗೆಯಿರಿ, ಅಗಲ ಮಾಡಿ, ನೇರ ಮಾಡಿ ಎಂಬ ಬೇಡಿಕೆ ಬಹಳ ಹಳೆಯದು. ಬೇಡಿಕೆ ನ್ಯಾಯದ್ದೇ. ಆದರೆ ಮೇಲಿನ ಊರಿನಲ್ಲಿ ಹಳ್ಳವನ್ನು ನೇರ ಮಾಡಿದರೆ ನೀರು ಇನ್ನೂ ಬೇಗ ಕೆಳಗಿನ ಊರಿಗೆ ಬಡಿಯುತ್ತದೆ. ಆ ಲೆಕ್ಕವನ್ನು ಐಐಟಿಯ ಸಿವಿಲ್ ಎಂಜಿನಿಯರು ಹಾಕಬಲ್ಲರು. ಹುಬ್ಬಳ್ಳಿ ಬೆಳೆದ ಹಾಗೆ ಕಾಂಕ್ರೀಟಿನ ಮೇಲೆ ಬಿದ್ದ ಎಷ್ಟು ಮಳೆ ನೇರ ಹಳ್ಳಕ್ಕೆ ಬರುತ್ತಿದೆ ಎಂಬ ಲೆಕ್ಕವೂ ಅವರದೇ. ಆ ನೀರಿನಲ್ಲಿ ಗಟಾರವೂ ಬೆರೆತಿದೆ. ನೆರೆ ಇಳಿದ ಮೇಲೆ ದಂಡೆಯ ಊರಿನ ಮಕ್ಕಳಿಗೆ ವಾಂತಿಭೇದಿ, ಚರ್ಮದ ಕಾಯಿಲೆ ಎಷ್ಟಾಯಿತು ಎಂದು ನೋಡಬೇಕಾದವರು ವೈದ್ಯರು. ಯಮನೂರಿನ ಉರುಸಿಗೆ ಬರುವ ಸಾವಿರಾರು ಜನ ಇದೇ ಹಳ್ಳದಲ್ಲಿ ಮೀಯುತ್ತಾರೆ. ಮಿಂದರೆ ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಅವರದು. ಅವರ ಜತೆ ನೀರಿನ ಬಗ್ಗೆ ಮಾತಾಡುವುದು ಹೇಗೆ? ಪ್ರಯೋಗಾಲಯದ ವರದಿ ಹಿಡಿದು ಹೋದರೆ ಸಾಲದು. ಆ ಜಾತ್ರೆಯನ್ನು, ಆ ನಂಬಿಕೆಯನ್ನು ಗೌರವದಿಂದ ಬಲ್ಲ ಜಾನಪದದವರು, ಸಮಾಜಶಾಸ್ತ್ರದವರು ಜತೆಗಿರಬೇಕು.

ಇನ್ನು ಕಾನೂನು. ಈ ಪತ್ರ ಬರೆಯಲು ನನ್ನನ್ನು ಹೆಚ್ಚು ಒತ್ತಾಯಿಸಿದ್ದು ಇದೇ ಭಾಗ. ಹವಾಮಾನದ ಚರ್ಚೆಯಲ್ಲಿ ಕಾನೂನಿನವರನ್ನು ನಾವು ಕರೆಯುವುದೇ ಕಡಿಮೆ. ಕರೆದರೂ ಪ್ಯಾರಿಸ್ ಒಪ್ಪಂದದ ಬಗ್ಗೆ ಮಾತಾಡಿಸಿ ಕಳಿಸುತ್ತೇವೆ. ನಮ್ಮ ಹೊಲದಲ್ಲಿ ಕಾನೂನು ಬೇರೆ ರೀತಿ ಇದೆ.

ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿ ಪ್ರಕಾರ, ಶೇ 33 ಅಥವಾ ಅದಕ್ಕಿಂತ ಜಾಸ್ತಿ ಬೆಳೆ ಹಾಳಾದರೆ ವಿಪತ್ತು ಪರಿಹಾರ ಸಿಗುತ್ತದೆ. ಮಳೆಯಾಶ್ರಿತ ಭೂಮಿಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ. ಹಣ ಹೋಗುವುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆಯೋ ಅವರಿಗೆ. ನಮ್ಮ ಭಾಗದಲ್ಲಿ ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವರು ಎಷ್ಟು ಜನ ಇದ್ದಾರೆ ಅಂತ ನಿಮಗೆ ಗೊತ್ತು. ಅವರ ಹತ್ತಿರ ಕಾಗದ ಇರುವುದಿಲ್ಲ. ಇರಲು ಸಾಧ್ಯವೂ ಇಲ್ಲ, ಯಾಕೆಂದರೆ 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ಬಹುತೇಕ ನಿಷೇಧ ಇದೆ. ಆ ಕಾನೂನು ಬಂದದ್ದು ಉಳುವವನ ಒಳ್ಳೆಯದಕ್ಕೇ. ಲಕ್ಷಾಂತರ ಕುಟುಂಬಗಳಿಗೆ ಅದರಿಂದ ಭೂಮಿ ಸಿಕ್ಕಿದೆ, ಅದನ್ನು ಮರೆಯಬಾರದು. ಆದರೆ ಇವತ್ತು ಬೀಜ, ಗೊಬ್ಬರ, ಆಳು ಎಲ್ಲ ತನ್ನ ಕೈಯಿಂದ ಹಾಕಿ, ಹಳ್ಳ ಬಂದು ಎಲ್ಲ ಕಳೆದುಕೊಂಡವನ ಹೆಸರು ಸರ್ಕಾರದ ಯಾವ ಕಾಗದದಲ್ಲೂ ಇಲ್ಲ. ಅಜ್ಜ ತೀರಿಹೋಗಿ ವರ್ಷಗಳಾದರೂ ಪೌತಿ ಖಾತೆ ಆಗದೆ ಉತಾರ ಅವರ ಹೆಸರಲ್ಲೇ ಉಳಿದ ಮನೆಗಳಿವೆ. ಗಂಡ ಹೋದ ಮೇಲೆ ತಾನೇ ನಿಂತು ಹೊಲ ಮಾಡಿಸುವ ಹೆಣ್ಣುಮಗಳ ಹೆಸರು ಉತಾರಕ್ಕೆ ಏರುವುದಕ್ಕೆ ಎಷ್ಟು ಅಲೆದಾಟ ಅಂತ ತಾಲೂಕು ಕಚೇರಿ ಮುಂದೆ ಒಂದು ಸೋಮವಾರ ನಿಂತರೆ ಗೊತ್ತಾಗುತ್ತದೆ.

ಬೆಳೆ ವಿಮೆಯದೂ ಇದೇ ಗೋಳು. ಪರಿಹಾರ ನಿರ್ಧಾರವಾಗುವುದು ಒಬ್ಬೊಬ್ಬರ ಹೊಲ ನೋಡಿ ಅಲ್ಲ. ಗ್ರಾಮ ಪಂಚಾಯ್ತಿಯಲ್ಲಿ ಆಯ್ದ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಇಳುವರಿ ಅಳೆಯುತ್ತಾರೆ. ಹಳ್ಳದ ದಂಡೆಯ ಹೊಲ ಪೂರ್ತಿ ಕೊಚ್ಚಿಹೋಗಿ, ಅದೇ ಪಂಚಾಯ್ತಿಯ ಎತ್ತರದ ಹೊಲದಲ್ಲಿ ಬೆಳೆ ಚಲೋ ಬಂದಿದ್ದರೆ ಸರಾಸರಿಯಲ್ಲಿ ದಂಡೆಯವನ ನಷ್ಟ ಕಾಣದೇ ಹೋಗಬಹುದು. ನೆರೆಗೆ ಬೇರೆ ಅರ್ಜಿ ಹಾಕುವ ದಾರಿ ಇದೆ, ಆದರೆ 72 ತಾಸಿನೊಳಗೆ ತಿಳಿಸಬೇಕು. ರಸ್ತೆ ಬಂದ್ ಆಗಿ, ಕರೆಂಟ್ ಹೋಗಿ, ಮೊಬೈಲ್ ಸತ್ತಿರುವ ಊರಿನಲ್ಲಿ 72 ತಾಸು! ಸರಿಯಾದ ಮಾದರಿ ಹೇಗಿರಬೇಕು ಅಂತ ಹೇಳುವವರು ಸಂಖ್ಯಾಶಾಸ್ತ್ರ ವಿಭಾಗದವರು. ನಿಯಮ ಹೇಗೆ ಬದಲಾಗಬೇಕು ಅಂತ ಬರೆಯುವವರು ಕಾನೂನು ವಿಶ್ವವಿದ್ಯಾಲಯದವರು. ಯಾವ ಹೊಲ ಎಷ್ಟು ಸಲ ಮುಳುಗಿತು ಅಂತ ಉಪಗ್ರಹ ಚಿತ್ರದಲ್ಲಿ ತೋರಿಸುವವರು ನಮ್ಮ ಭೂಗೋಳದವರು. ಈ ಮೂವರೂ ಒಂದೇ ಮೇಜಿನ ಸುತ್ತ ಕೂತರೆ ಒಂದೇ ವರ್ಷದಲ್ಲಿ ಸರ್ಕಾರದ ಮುಂದೆ ಇಡುವಂಥ ಗಟ್ಟಿ ಸಲಹೆ ತಯಾರಾಗುತ್ತದೆ. ಬೇರೆ ಬೇರೆ ಕೂತು ಬರೆದ ಮೂರು ಪ್ರಬಂಧಗಳಿಂದ ಅದು ಆಗುವುದಿಲ್ಲ.

ಒಂದೇ ವಿದ್ಯೆಯನ್ನು ನಂಬಿ ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ಹೊಸ ಮನೆಗಳನ್ನು ಕಟ್ಟಿದರು. ದಾನಿಗಳು ಕೈ ಬಿಚ್ಚಿ ಕೊಟ್ಟರು. ಹಲವು ಕಡೆ ಮನೆ ಎದ್ದು ನಿಂತರೂ ಜನ ಪೂರ್ತಿ ಹೋಗಲಿಲ್ಲ. ಹೊಲ ದೂರವಾಯಿತು. ಎತ್ತು, ಎಮ್ಮೆ ಕಟ್ಟಲು ಜಾಗ ಇರಲಿಲ್ಲ. ಹೊಟ್ಟು ಮೇವು ಇಡುವುದೆಲ್ಲಿ? ಕೂಡು ಕುಟುಂಬ ಆ ಎರಡು ಕೋಣೆಯಲ್ಲಿ ಹೇಗೆ ಇರಬೇಕು? ಕಟ್ಟುವ ಮೊದಲು ಅವರ ಜತೆ ವಾರ ಕೂತು ಕೇಳುವ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಇದ್ದಿದ್ದರೆ ಇವೆಲ್ಲ ನಕ್ಷೆಯಲ್ಲೇ ಸರಿಹೋಗುತ್ತಿದ್ದವು. ಇನ್ನು ಮುಂದೆ ನೆರೆ ಹೆಚ್ಚಿದಷ್ಟೂ ಊರು ಸ್ಥಳಾಂತರದ ಮಾತೂ ಹೆಚ್ಚುತ್ತದೆ. ಮತ್ತೆ ಹಾಗೇ ಕಟ್ಟೋಣವೇ?

ಮಾನ್ಯರೇ, ವಿದ್ಯೆಗಳು ಸೇರಿ ಕೆಲಸ ಮಾಡುವುದು ಹೊಸ ಫ್ಯಾಶನ್ ಏನಲ್ಲ. ಹವಾಮಾನ ವಿಜ್ಞಾನ ಹುಟ್ಟಿದ್ದೇ ಹಾಗೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಬಿಸಿಯಾಗುತ್ತದೆ ಅಂತ 1896ರಲ್ಲಿ ಲೆಕ್ಕ ಹಾಕಿದ ಅರ್ಹೇನಿಯಸ್ ರಸಾಯನ ವಿಜ್ಞಾನಿ. 1938ರಲ್ಲಿ ಹಳೆಯ ಉಷ್ಣಾಂಶದ ದಾಖಲೆಗಳನ್ನು ಕೂಡಿಸಿ ಭೂಮಿ ಬಿಸಿಯಾಗುತ್ತಿದೆ ಎಂದು ತೋರಿಸಿದ ಗೈ ಕ್ಯಾಲೆಂಡರ್ ಎಂಬವರು ಉಗಿ ತಂತ್ರಜ್ಞಾನದ ಎಂಜಿನಿಯರ್. ಅವರಿಬ್ಬರೂ ‘ಇದು ನನ್ನ ವಿಭಾಗದ್ದಲ್ಲ’ ಅಂತ ಕೈ ಬಿಡಲಿಲ್ಲ.

ನಮ್ಮ ರಾಜ್ಯದಲ್ಲೂ ಉದಾಹರಣೆ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ಅಸ್ತ್ರ ಎಂಬ ಘಟಕ ಶುರು ಮಾಡಿದರು. ಅವರು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಜಗತ್ತು ಓದುವ ಪಠ್ಯ ಬರೆದವರು. ಅಂಥವರು ತುಮಕೂರು ಜಿಲ್ಲೆಯ ಉಂಗ್ರದಂಥ ಹಳ್ಳಿಗಳಿಗೆ ತಂಡ ಕಟ್ಟಿಕೊಂಡು ಹೋಗಿ, ಒಂದು ಮನೆಗೆ ದಿನಕ್ಕೆ ಎಷ್ಟು ಸೌದೆ ಬೇಕು, ಅದನ್ನು ತರಲು ಹೆಂಗಸರು ಮಕ್ಕಳು ಎಷ್ಟು ದೂರ ನಡೆಯುತ್ತಾರೆ ಅಂತ ಲೆಕ್ಕ ಹಾಕಿದರು. ಹೊಗೆ ಕಡಿಮೆ ಮಾಡುವ, ಸೌದೆ ಉಳಿಸುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಅದೇ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನಕ್ಕೆ ಹೆಸರಾದ ಸುಲೋಚನಾ ಗಾಡ್ಗೀಳ್ ಅವರ ತಂಡ ಪಾವಗಡ–ಅನಂತಪುರ ಸೀಮೆಯ ಶೇಂಗಾ ಬೆಳೆಗಾರರ ಜತೆ ಕೂತಿತು. ಬಿತ್ತನೆ ಯಾವಾಗ ಮಾಡಿದರೆ ಕಾಯಿ ತುಂಬುವ ಹೊತ್ತಿಗೆ ಒಣ ಹವೆ ಸಿಗುವ ಅಪಾಯ ಕಡಿಮೆ? ಇದು ರೈತರ ಪ್ರಶ್ನೆ. ಇದಕ್ಕೆ ಹಳೆಯ ಮಳೆ ದಾಖಲೆ ಮತ್ತು ಬೆಳೆಯ ಗಣಕ ಮಾದರಿ ಎರಡನ್ನೂ ಇಟ್ಟುಕೊಂಡು ಅವರು ಉತ್ತರ ಹುಡುಕಿದರು. ಮಳೆಯ ಮುನ್ಸೂಚನೆ ಕೊಟ್ಟು ಕೈ ತೊಳೆದುಕೊಳ್ಳದೆ, ರೈತ ತೆಗೆದುಕೊಳ್ಳಬೇಕಾದ ನಿರ್ಧಾರದಿಂದಲೇ ಅಧ್ಯಯನ ಆರಂಭಿಸಿದ್ದು ನನಗೆ ಬಹಳ ದೊಡ್ಡ ಪಾಠ ಅನ್ನಿಸುತ್ತದೆ.

ಹುಬ್ಬಳ್ಳಿ–ಧಾರವಾಡಕ್ಕೂ ಇದು ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸಂಶೋಧಕರು ಇಲ್ಲಿಯ ಕೃಷಿ ವಿಶ್ವವಿದ್ಯಾಲಯದವರ ಜತೆ ಸೇರಿ ನಗರದಂಚಿನ ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಗಟಾರದ ನೀರಿನಲ್ಲಿ ಬೆಳೆ ತೆಗೆಯುವ ರೈತರಿಗೆ ಏನು ಲಾಭ, ಆರೋಗ್ಯಕ್ಕೆ ಏನು ಹಾನಿ ಅಂತ ನೋಡಿದರು. ನಮ್ಮ ಊರನ್ನು ಘಾನಾ ದೇಶದ ಕುಮಾಸಿ ನಗರದ ಜತೆ ಹೋಲಿಸಿದ ಬರಹಗಳೂ ಬಂದವು. ಅದಕ್ಕೆ ಹಣ ಬಂದದ್ದು ಬ್ರಿಟನ್ ಸರ್ಕಾರದಿಂದ. ನಮ್ಮದೇ ಹಳ್ಳದ ನೀರನ್ನು ಸೇರಿ ಅಭ್ಯಾಸ ಮಾಡಲು ಇನ್ನೊಂದು ದೇಶದ ಹಣ ಬರುವವರೆಗೆ ಕಾಯಬೇಕಾದ ಪರಿಸ್ಥಿತಿ ಈಗ ಇಲ್ಲ.

2010ರಲ್ಲಿ ಅಣ್ಣಿಗೇರಿಯಲ್ಲಿ ಗಟಾರದ ಕೆಲಸ ಮಾಡುವಾಗ ನೂರಾರು ತಲೆಬುರುಡೆ ಸಿಕ್ಕಿದ್ದು ನಿಮಗೆ ನೆನಪಿರಬೇಕು. ಯುದ್ಧದಲ್ಲಿ ಸತ್ತವರೋ, ಬರದಲ್ಲಿ ಸತ್ತವರೋ ಅಂತ ಊರೆಲ್ಲ ಮಾತು. ಕೆಲವರು ಹದಿನೆಂಟನೇ ಶತಮಾನದ ಕೊನೆಯ ಡೋಗಿ ಬರದ ಕಾಲದವು ಅಂದರು. ಕೊನೆಗೆ ಅವುಗಳ ವಯಸ್ಸು ತಿಳಿಯಲು ಭೌತವಿಜ್ಞಾನಿಗಳ ಹತ್ತಿರ ಹೋಗಬೇಕಾಯಿತು. ಅವು ಆರು ಶತಮಾನಕ್ಕೂ ಹಳೆಯವು ಅಂತ ವರದಿ ಬಂತು. ಇತಿಹಾಸದವರು, ಪುರಾತತ್ವದವರು, ಭೌತವಿಜ್ಞಾನದವರು ಎಲ್ಲರೂ ಬೇಕಾದರು. ಸತ್ತವರ ವಿಷಯದಲ್ಲಿ ಆದದ್ದು ಬದುಕಿರುವವರ ವಿಷಯದಲ್ಲೂ ಆಗಲಿ.

ನಮ್ಮ ವಿದ್ಯೆಗಳು ಬೇರೆ ಬೇರೆ ಮನೆ ಮಾಡಿದ್ದು ಹೇಗೆ ಅಂತ ಒಮ್ಮೆ ನೆನೆಯಬೇಕು. ಎತ್ತಿನಗುಡ್ಡದ ಕೃಷಿ ಕಾಲೇಜು ಶುರುವಾದದ್ದು 1947ರಲ್ಲಿ. ಅದು ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಹೋಯಿತು. 1986ರಲ್ಲಿ ಧಾರವಾಡಕ್ಕೆ ಸ್ವಂತ ಕೃಷಿ ವಿಶ್ವವಿದ್ಯಾಲಯ ಬಂತು. 1996ರಲ್ಲಿ ವೈದ್ಯಕೀಯ ಕಾಲೇಜುಗಳೆಲ್ಲ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಹೋದವು. 1998ರಲ್ಲಿ ಎಂಜಿನಿಯರಿಂಗ್ ಬೆಳಗಾವಿಯ ವಿಟಿಯು ಪಾಲಾಯಿತು. 2009ರಲ್ಲಿ ಕಾನೂನು ಹುಬ್ಬಳ್ಳಿಗೆ ಬಂತು. ಜಾನಪದಕ್ಕೆ ಹಾವೇರಿಯ ಗೊಟಗೋಡಿ, ಪಶುವೈದ್ಯಕ್ಕೆ ಬೀದರ್, ತೋಟಗಾರಿಕೆಗೆ ಬಾಗಲಕೋಟೆ. ಒಂದೊಂದಕ್ಕೂ ಕಾರಣ ಇತ್ತು, ಒಳ್ಳೆಯದೂ ಆಗಿದೆ. ಆದರೆ ಹಿಂದೆ ಒಂದೇ ಕ್ಯಾಂಟೀನಿನಲ್ಲಿ ಸಿಗಬಹುದಾಗಿದ್ದ ಜನ ಈಗ ಸಿಗಬೇಕೆಂದರೆ ಕುಲಸಚಿವರಿಂದ ಕುಲಸಚಿವರಿಗೆ ಪತ್ರ ಹೋಗಬೇಕು. ಈಗ ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೋ ಮುಚ್ಚಬೇಕೋ ಎಂಬ ವಾದ ನಡೆದಿದೆ. ರಾಷ್ಟ್ರೀಯ ಶಿಕ್ಷಣ ನೀತಿ ಬೇಕೋ ರಾಜ್ಯದ್ದು ಬೇಕೋ ಎಂಬ ವಾದವೂ ಇದೆ. ಆ ವಾದಗಳು ಮುಗಿಯುವವರೆಗೆ ಬೆಣ್ಣೆಹಳ್ಳ ಕಾಯುವುದಿಲ್ಲ.

ವಿಚಾರ ಸಂಕಿರಣ ಯಾಕೆ ಸಾಲದು ಅಂತ ಕೇಳಬಹುದು. ನಾನು ಹೋದ ಸಂಕಿರಣಗಳಲ್ಲಿ ಒಳ್ಳೆಯ ವಿದ್ವಾಂಸರ ಮಾತು ಕೇಳಿದ್ದೇನೆ, ಕಲಿತಿದ್ದೇನೆ. ಆದರೆ ಅಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಪ್ರಬಂಧ ಓದುತ್ತಾರೆ. ಅರ್ಥಶಾಸ್ತ್ರದವರ ಗೋಷ್ಠಿ ಒಂದು ಕೋಣೆಯಲ್ಲಿ, ಸಸ್ಯಶಾಸ್ತ್ರದವರದು ಇನ್ನೊಂದರಲ್ಲಿ. ಪ್ರಬಂಧಗಳ ಪುಸ್ತಕ ಬರುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ತಾಗುವುದೇ ಇಲ್ಲ. ಬೇರೆ ವಿದ್ಯೆಯವರ ಜತೆ ನಿಜವಾದ ಮಾತು ಶುರುವಾಗುವುದು ಇಬ್ಬರ ಎದುರಿಗೂ ಒಂದೇ ಹೊಲ, ಒಂದೇ ಊರು ಇದ್ದಾಗ. ಆಗ ಭಿನ್ನಾಭಿಪ್ರಾಯವೂ ಬರುತ್ತದೆ, ಬರಲೇಬೇಕು. ಕೃಷಿಯವರು ಹೊಲಕ್ಕೊಂದು ಕೃಷಿ ಹೊಂಡ ತೋಡಿ, ಚೌಕು ಮಡಿ ಮಾಡಿ ಅನ್ನುತ್ತಾರೆ. ಮೇಲೆಲ್ಲ ಹೊಂಡವಾದರೆ ಬರದ ವರ್ಷ ಕೆಳಗೆ ನೀರು ಎಷ್ಟು ಬರುತ್ತದೆ ಅಂತ ಜಲವಿಜ್ಞಾನಿ ಕೇಳುತ್ತಾರೆ. ಎರಡು ಎಕರೆಯವನು ಹೊಂಡಕ್ಕೆ ಜಾಗ ಎಲ್ಲಿಂದ ತರಬೇಕು ಅಂತ ಅರ್ಥಶಾಸ್ತ್ರದವರು ಕೇಳುತ್ತಾರೆ. ಮಳೆ ಜಾಸ್ತಿಯಾಗಿ ಕಸ ಬೆಳೆದರೆ ಆ ಬಿಸಿಲಿನಲ್ಲಿ ಕೂತು ಕಳೆ ತೆಗೆಯುವವರು ಯಾರು, ಅವರ ಮೈ ಏನಾಗಬೇಕು ಅಂತ ಮಹಿಳಾ ಅಧ್ಯಯನದವರೂ ವೈದ್ಯರೂ ಕೇಳುತ್ತಾರೆ. ಈ ಜಗಳ ನಮಗೆ ಬೇಕು. ಊರಿನವರ ಎದುರಿಗೇ ನಡೆಯಲಿ.

ಹಾಗಾದರೆ ಏನು ಮಾಡಬೇಕು? ಹೊಸ ಕಟ್ಟಡ ಬೇಡ. ಬೋರ್ಡ್ ಹಾಕಿ ಒಬ್ಬ ನಿರ್ದೇಶಕರನ್ನು ಕೂರಿಸುವ ಇನ್ನೊಂದು ಅಧ್ಯಯನ ಕೇಂದ್ರವೂ ಬೇಡ. ಬೇಕಾದದ್ದು ನಿಮ್ಮ ನಾಲ್ವರ ಸಹಿ ಇರುವ ಒಂದು ಒಡಂಬಡಿಕೆ. ಅದರಲ್ಲಿ ಮುಖ್ಯವಾಗಿ ಪಿಎಚ್‌ಡಿ ಬಗ್ಗೆ ಒಂದು ಮಾತು ಇರಲಿ. ಬೆಣ್ಣೆಹಳ್ಳದ ಮೇಲೆ ಸಂಶೋಧನೆ ಮಾಡುವ ಪ್ರತಿ ವಿದ್ಯಾರ್ಥಿಗೂ ಇಬ್ಬರು ಮಾರ್ಗದರ್ಶಕರು, ಎರಡನೆಯವರು ಇನ್ನೊಂದು ವಿದ್ಯೆಯವರು, ಸಾಧ್ಯವಾದರೆ ಇನ್ನೊಂದು ವಿಶ್ವವಿದ್ಯಾಲಯದವರು. ಹಾಗೆ ಮಾರ್ಗದರ್ಶನ ಮಾಡಿದ್ದನ್ನು ಇಬ್ಬರ ಲೆಕ್ಕಕ್ಕೂ ಪೂರ್ತಿ ಹಿಡಿಯಬೇಕು. ಈಗ ಒಬ್ಬ ಅಧ್ಯಾಪಕ ಬೇರೆ ವಿಭಾಗದವರ ಜತೆ ಎರಡು ವರ್ಷ ಹಳ್ಳಿ ತಿರುಗಿ ಪಂಚಾಯ್ತಿಗೆ ಕನ್ನಡದಲ್ಲಿ ವರದಿ ಕೊಟ್ಟರೆ ಬಡ್ತಿಗೆ ಅದರಿಂದ ಸಿಗುವ ಅಂಕ ಬಹಳ ಕಡಿಮೆ. ತನ್ನ ಕೋಣೆಯಲ್ಲೇ ಕೂತು ನಾಲ್ಕು ಇಂಗ್ಲಿಷ್ ಪ್ರಬಂಧ ಬರೆದವರಿಗೆ ಅಂಕ ಜಾಸ್ತಿ. ಹೀಗಿರುವಾಗ ಸುಮ್ನೆ ‘ಅಂತರಶಿಸ್ತೀಯವಾಗಿ ಯೋಚಿಸಿ’ ಅಂತ ಎಳೆಯ ಅಧ್ಯಾಪಕರಿಗೆ ಉಪದೇಶ ಮಾಡಿದರೆ ನ್ಯಾಯವಲ್ಲ. ಯುಜಿಸಿಯ ನಿಯಮ ನಿಮ್ಮ ಕೈಯಲ್ಲಿಲ್ಲ, ನಿಜ. ನಿಮ್ಮ ಕೈಯಲ್ಲಿರುವ ಸಂಶೋಧನಾ ಅನುದಾನ, ಪ್ರಶಸ್ತಿ, ಕೆಲಸದ ಹೊರೆಯ ಲೆಕ್ಕ ಇವುಗಳಿಂದ ಶುರು ಮಾಡಬಹುದು.

ಇನ್ನೊಂದು ದೊಡ್ಡ ಶಕ್ತಿ ನಮ್ಮ ಪದವಿ ಕಾಲೇಜುಗಳಲ್ಲಿದೆ. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ಪರಿಸರ ಅಧ್ಯಯನ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಿ ಎರಡು ದಶಕ ಆಯಿತು. ಮಕ್ಕಳು ಗೈಡ್ ಓದಿ ಓಜೋನ್ ಪದರದ ಬಗ್ಗೆ ಬರೆದು ಪಾಸಾಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಬೆಣ್ಣೆಹಳ್ಳದ ದಂಡೆಯ ಊರುಗಳಿಂದಲೇ ಬಸ್ಸು ಹಿಡಿದು ಬರುವವರು. ಆ ಪತ್ರಿಕೆಯ ಅರ್ಧ ಅಂಕವನ್ನು ಊರಿನ ಕೆಲಸಕ್ಕೆ ಇಡಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಗಮನಿಸುವ ಘಟಕವಾಗಿ ಶುರುವಾಯಿತು. ಇವತ್ತು ಅದರ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ, ದೇಶದಲ್ಲಿ ಅಪರೂಪದ ವ್ಯವಸ್ಥೆ. ಮಕ್ಕಳು ತಮ್ಮ ಪಂಚಾಯ್ತಿಯ ಮಳೆ ಅಂಕಿ ತೆಗೆದು, ಊರಿನ ಬಾವಿಯ ನೀರಿನ ಮಟ್ಟ, ಹಳ್ಳ ಏರಿದ ಗುರುತು, ಬಿತ್ತಿದ ದಿನ, ಕಟಾವಿನ ದಿನ ಬರೆದಿಡಲಿ. ಹತ್ತು ವರ್ಷ ಹೀಗೆ ಬರೆದರೆ ಯಾವ ಐಐಟಿಗೂ ಹಣ ಕೊಟ್ಟು ಕೊಳ್ಳಲಾಗದ ದಾಖಲೆ ಅದು.

ಅದರ ಜತೆಗೆ ಕನ್ನಡ ಅಧ್ಯಯನ ಪೀಠದ ವಿದ್ಯಾರ್ಥಿಗಳು ಹಿರಿಯರ ಹತ್ತಿರ ಕೂರಲಿ. ರೋಹಿಣಿಯಿಂದ ಸ್ವಾತಿಯವರೆಗೆ ಒಂದೊಂದು ಮಳೆಗೂ ನಮ್ಮ ಜನ ಗಾದೆ ಕಟ್ಟಿದ್ದಾರೆ. ಆ ಗಾದೆಗಳನ್ನು ಸಂಗ್ರಹಿಸಿ ಪುಸ್ತಕದಲ್ಲಿ ಇಟ್ಟಿದ್ದೇವೆ. ಅವುಗಳ ಪಕ್ಕದಲ್ಲಿ ನೂರು ವರ್ಷದ ಮಳೆ ಅಂಕಿ ಇಟ್ಟು, ಯಾವುದು ಇನ್ನೂ ಹೊಂದುತ್ತದೆ, ಯಾವುದು ಈಗ ಹೊಂದುವುದಿಲ್ಲ ಅಂತ ನೋಡಬಹುದಲ್ವಾ? ನಮ್ಮ ರೈತರು ಇವತ್ತಿಗೂ ಮಳೆ ನಕ್ಷತ್ರ ನೋಡಿಯೇ ಬಿತ್ತನೆಯ ಮಾತಾಡುತ್ತಾರೆ. ಹವಾಮಾನ ಇಲಾಖೆ ಮಾತಾಡುವುದು ವಾರದ ಲೆಕ್ಕದಲ್ಲಿ. ಇಬ್ಬರ ನಡುವೆ ಸೇತುವೆ ಕಟ್ಟಲು ಕನ್ನಡದವರಿಗಿಂತ ಯೋಗ್ಯರು ಯಾರಿದ್ದಾರೆ? ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ರೈತರು ಬರುತ್ತಾರೆ. ಆ ಮೇಳದಲ್ಲಿ ನಾಲ್ಕೂ ಸಂಸ್ಥೆಗಳ ಒಂದೇ ಮಳಿಗೆ ಇಡಿ. ಆ ವರ್ಷ ಬೆಣ್ಣೆಹಳ್ಳದಲ್ಲಿ ಏನು ತಿಳಿಯಿತು, ಏನು ತಪ್ಪಾಯಿತು, ಮುಂದಿನ ವರ್ಷ ಏನು ನೋಡುತ್ತೇವೆ ಅಂತ ಕನ್ನಡದಲ್ಲಿ ಹೇಳಿ. ಉತಾರದ, ವಿಮೆಯ ಪ್ರಶ್ನೆಗೆ ಅಲ್ಲೇ ಕೂತು ಉತ್ತರ ಹೇಳುವ ಕಾನೂನು ವಿದ್ಯಾರ್ಥಿಗಳೂ ಇರಲಿ.

ಮೊದಲ ಸಭೆಯನ್ನು ಬರುವ ಮೇ ತಿಂಗಳಲ್ಲಿ, ಹೆಸರು ಬಿತ್ತನೆಗೆ ಮುಂಚೆ ಕರೆಯಿರಿ. ನವಲಗುಂದ ತಾಲೂಕಿನ ಯಾವುದಾದರೂ ಒಂದು ದಂಡೆಯ ಊರಿನ ಪಂಚಾಯ್ತಿ ಸಭಾಂಗಣದಲ್ಲಿ ಸೇರಿ. ಮೊದಲ ಅರ್ಧ ದಿನ ಊರಿನವರು ಪ್ರಶ್ನೆ ಹೇಳಲಿ, ನಿಮ್ಮ ಪ್ರಾಧ್ಯಾಪಕರು ಬರೆದುಕೊಳ್ಳಲಿ. ಲಾವಣಿಗೆ ಹೊಲ ಮಾಡುವವರನ್ನೂ ಕೂಲಿ ಹೆಣ್ಣುಮಕ್ಕಳನ್ನೂ ಹೆಸರು ಹಿಡಿದು ಕರೆಯಬೇಕು, ಇಲ್ಲದಿದ್ದರೆ ಅವರು ಬರುವುದಿಲ್ಲ. ಮಧ್ಯಾಹ್ನದ ಮೇಲೆ ಯಾವ ಪ್ರಶ್ನೆಯನ್ನು ಯಾವ ಎರಡು ವಿಭಾಗಗಳು ಸೇರಿ ಹಿಡಿಯುತ್ತವೆ ಅಂತ ಅಲ್ಲೇ ಹಂಚಿಕೊಳ್ಳಿ. ನಾನೂ ನನ್ನ ಭೂಗೋಳದ ವಿದ್ಯಾರ್ಥಿಗಳೂ ಮಳೆ ಅಂಕಿ ಮತ್ತು ಮುಳುಗಡೆಯ ನಕಾಶೆ ತಯಾರಿಸಿಕೊಂಡು ಬರುತ್ತೇವೆ. ದಿನ ಗೊತ್ತುಪಡಿಸಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನವಲಗುಂದ ತಾಲೂಕಿನ ಒಬ್ಬ ಭೂಗೋಳ ಉಪನ್ಯಾಸಕ